‘ನಿನಗೆ ಅದೂ ಇಷ್ಟವಾಯ್ತಾ?’

(ಗುರುತು ಸಿಗಬಾರದೆಂದು ಇಲ್ಲಿ ವಯಸ್ಸು, ಕೆಲಸ, ಮನೆಯವರ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಆಕೆಗೆ ಮೂವತ್ತರ ಆಸುಪಾಸು. ಒಳಗೆ ಬಂದು ಕೂತವರು ಮೊದಲು ಹೇಳಿದ್ದೇ, “ಮೇಡಂ, ಇದು ತುಂಬಾ ಚಿಕ್ಕ ವಿಷಯ. ಇದಕ್ಕೆಲ್ಲ ಯಾರಾದ್ರೂ ಕೌನ್ಸೆಲಿಂಗ್‌ಗೆ ಬರ್ತಾರಾ ಅಂತ ನಿಮಗೆ ಅನ್ನಿಸಬಹುದು” ಎಂದು.

ನಡೆದದ್ದು ಇಷ್ಟು. ಆಫೀಸಿನಲ್ಲಿ ಊಟದ ಬಿಡುವಿಗೆ ಐದಾರು ಜನ ಒಟ್ಟಿಗೆ ಕೂರುತ್ತಾರೆ. ಯಾರು ಯಾವ ಸಿನಿಮಾ ನೋಡಿದರು, ಯಾವ ಸೀರೀಸ್ ಮುಗಿಸಿದರು ಎಂಬುದೇ ಮಾತು. ಒಂದು ದಿನ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಂದು ಸೀರೀಸ್ ಹೆಸರು ಹೇಳಿ, “ನನಗೆ ತುಂಬಾ ಇಷ್ಟವಾಯ್ತು” ಎಂದಳು. ಉಳಿದವರು ನಕ್ಕರು. ಈಕೆಯೂ ನಕ್ಕು, “ಅಯ್ಯೋ, ಸುಮ್ನೆ ಟೈಮ್ ವೇಸ್ಟ್ ಅದು” ಎಂದರು. ಆ ಹುಡುಗಿ ತಟ್ಟೆ ನೋಡುತ್ತಾ ಕೂತುಬಿಟ್ಟಳು.

“ನಿಜ ಹೇಳ್ಬೇಕು ಅಂದ್ರೆ ಮೇಡಂ, ಆ ಸೀರೀಸನ್ನ ನಾನು ರಾತ್ರಿ ಎರಡು ಗಂಟೆವರೆಗೆ ಎದ್ದಿದ್ದು ಮುಗಿಸಿದ್ದೆ. ಅತ್ತಿದ್ದೆ ಕೂಡ.”

ಇದನ್ನು ಹೇಳುವಾಗ ಅವರ ದನಿ ನಡುಗಿತು. ನನಗೆ ಇದು ಚಿಕ್ಕ ವಿಷಯ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ.

ಮೊದಲು ಬೇರೆ ಕೆಲವು ವಿಷಯ ಕೇಳಿಕೊಂಡೆ. ನಿದ್ದೆ, ಊಟ ಸರಿಯಾಗಿದೆಯಾ? ಮೀಟಿಂಗಿನಲ್ಲಿ ಮಾತಾಡಲು ಭಯವಾಗುತ್ತಾ? ಅಪರಿಚಿತರ ಜೊತೆ, ಫೋನಿನಲ್ಲಿ ಹೇಗೆ? ಎಲ್ಲ ಕಡೆಯೂ ಇದೇ ಭಯ ಇದ್ದಿದ್ದರೆ ಅದು ಸೋಶಿಯಲ್ ಆಂಗ್ಸೈಟಿ ಇರಬಹುದು. ಆಗ ಚಿಕಿತ್ಸೆಯ ದಾರಿಯೇ ಬೇರೆ. ಇವರಿಗೆ ಹಾಗಿರಲಿಲ್ಲ. ಕೆಲಸದ ವಿಷಯದಲ್ಲಿ ಬಾಸ್ ಎದುರಿಗೇ ‘ಇದು ಸರಿಯಿಲ್ಲ’ ಎನ್ನಬಲ್ಲರು. ‘ಇದು ನನಗೆ ಇಷ್ಟ’ ಎನ್ನುವಾಗ ಮಾತ್ರ ಗಂಟಲು ಕಟ್ಟುತ್ತಿತ್ತು.

ನಾನು ಕೇಳಿದೆ, “ಕೊನೆಗೆ ನೋಡಿದ ಸಿನಿಮಾ ಹೇಗಿತ್ತು?”

ತಡವಿಲ್ಲದೆ ಉತ್ತರ ಬಂತು. “ಫಸ್ಟ್ ಹಾಫ್ ಪರವಾಗಿಲ್ಲ, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್. ಮ್ಯೂಸಿಕ್ ಚೆನ್ನಾಗಿದೆ. ಕ್ಲೈಮ್ಯಾಕ್ಸ್ ಮೊದಲೇ ಗೊತ್ತಾಗುತ್ತೆ.”

“ಇದನ್ನ ಎಲ್ಲಿ ಓದಿದ್ರಿ?”

ಆಕೆ ತಲೆ ತಗ್ಗಿಸಿದರು. ಇಂಟರ್ವಲ್‌ನಲ್ಲೇ ಫೋನ್ ತೆಗೆದು ರೇಟಿಂಗ್ ನೋಡುವುದು, ಮನೆಗೆ ಬರುವ ದಾರಿಯಲ್ಲಿ ನಾಲ್ಕು ವಿಮರ್ಶೆ ಓದುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಮಾರನೇ ದಿನ ಹೇಳಬೇಕಾದ ವಾಕ್ಯಗಳು ಹೀಗೆ ಸಿದ್ಧವಾಗುತ್ತಿದ್ದವು.

“ಸರಿ. ಮರುದಿನ ಹಲ್ಲುಜ್ಜುವಾಗ ಆ ಸಿನಿಮಾದ ಯಾವುದಾದರೂ ಸೀನು ನೆನಪಿಗೆ ಬಂತಾ?”

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಹೇಳಿದರು. “ಮಗಳು ಪರೀಕ್ಷೆ ಬರೀತಿರ್ತಾಳೆ. ಅಪ್ಪ ಗೇಟಿನ ಹೊರಗೆ ನಿಂತೇ ಇರ್ತಾನೆ. ಅವಳು ಹೊರಗೆ ಬಂದಾಗ ಹೇಗಾಯ್ತು ಅಂತ ಕೇಳೋದೇ ಇಲ್ಲ. ನೀರಿನ ಬಾಟಲಿ ಮುಚ್ಚಳ ತೆಗೆದು ಕೊಡ್ತಾನೆ, ಅಷ್ಟೇ.” ಕಣ್ಣು ತುಂಬಿತ್ತು.

“ಇದೇ ನಿಮ್ಮ ಅಭಿಪ್ರಾಯ” ಎಂದೆ.

“ಇದನ್ನ ಹೇಳಿದ್ರೆ ನಗ್ತಾರೆ ಮೇಡಂ.”

ಯಾರು ನಕ್ಕಿದ್ದರು ಎಂದು ಕೇಳುತ್ತಾ ಹೋದಾಗ ಹಳೆಯ ನೆನಪೊಂದು ಹೊರಬಂತು. ಹದಿನಾರು ವರ್ಷ ಇದ್ದಾಗ ಅಣ್ಣ ಮತ್ತು ಅವನ ಗೆಳೆಯರ ಜೊತೆ ಸಿನಿಮಾಕ್ಕೆ ಹೋಗಿದ್ದರು. ಹೊರಗೆ ಬಂದು ಖುಷಿಯಿಂದ ಏನೋ ಹೇಳಿದರು. “ನಿನಗೆ ಅದೂ ಇಷ್ಟವಾಯ್ತಾ?” ಎಂದು ಅಣ್ಣ ನಕ್ಕ. ಆ ಮಾತು ಮನೆಯಲ್ಲಿ ವರ್ಷಗಟ್ಟಲೆ ತಮಾಷೆಯಾಗಿ ಉಳಿಯಿತು. ಅಣ್ಣನಿಗೆ ಈಗ ಅದು ನೆನಪೂ ಇರಲಿಕ್ಕಿಲ್ಲ. ಈಗ ಅವರನ್ನು ನನ್ನ ಬಳಿ ಕರೆತಂದದ್ದು ಆ ನಗುವಲ್ಲ. ಅದೇ ನಗುವನ್ನು ತಾನೂ ಇನ್ನೊಬ್ಬಳ ಮೇಲೆ ನಕ್ಕೆನಲ್ಲ ಎಂಬ ಸಂಕಟ.

ಮನೋವಿಜ್ಞಾನಿ ಸಾಲೊಮನ್ ಆಶ್ 1950ರ ದಶಕದಲ್ಲಿ ಮಾಡಿದ ಪ್ರಯೋಗವನ್ನು ಅವರಿಗೆ ಹೇಳಿದೆ. ಮೂರು ಗೆರೆಗಳಲ್ಲಿ ಯಾವುದು ಇನ್ನೊಂದು ಗೆರೆಯಷ್ಟೇ ಉದ್ದ ಎಂದು ಹೇಳಬೇಕು. ಉತ್ತರ ಕಣ್ಣಿಗೆ ಕಾಣುತ್ತದೆ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳುತ್ತಿದ್ದರು. ಇದು ಗೊತ್ತಿಲ್ಲದೆ ಪರೀಕ್ಷೆಗೆ ಕೂತವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಅವರ ಜೊತೆ ತಪ್ಪನ್ನೇ ಹೇಳಿದರು. ಗೆರೆಯ ವಿಷಯದಲ್ಲೇ ಹೀಗಾದರೆ, ಸರಿ ಉತ್ತರವೇ ಇಲ್ಲದ ಸಿನಿಮಾ ವಿಷಯದಲ್ಲಿ ಮನಸ್ಸು ಜಾರುವುದರಲ್ಲಿ ಆಶ್ಚರ್ಯ ಏನಿದೆ? ಆ ಪ್ರಯೋಗದ ಇನ್ನೊಂದು ಭಾಗ ನನಗೆ ಹೆಚ್ಚು ಮುಖ್ಯ. ಗುಂಪಿನಲ್ಲಿ ಒಬ್ಬರೇ ಒಬ್ಬರು ಸರಿ ಉತ್ತರ ಹೇಳುವವರು ಇದ್ದಾಗ, ತಪ್ಪಿಗೆ ತಲೆಯಾಡಿಸುವುದು ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು.

ಆಕೆ ತಟ್ಟನೆ, “ಅವತ್ತು ಆ ಹುಡುಗಿಗೆ ಆ ಒಬ್ಬರು ನಾನಾಗಬಹುದಿತ್ತು” ಎಂದರು. ಅದನ್ನು ನಾನು ಹೇಳಬೇಕಾಗಲಿಲ್ಲ.

ನಾನು ಕೊಟ್ಟ ಮೊದಲ ಸಲಹೆ ಫೋನಿನ ಬಗ್ಗೆ. ಸಿನಿಮಾ ಮುಗಿದ ಮೇಲೆ ಮರುದಿನ ಬೆಳಗಿನವರೆಗೆ ರೇಟಿಂಗ್ ಇಲ್ಲ, ವಿಮರ್ಶೆ ಇಲ್ಲ. ಮಲಗುವ ಮುಂಚೆ ಎರಡು ಸಾಲು ಬರೆಯಬೇಕು. ಯಾವ ಸೀನು ಉಳಿಯಿತು? ಆಗ ಮೈಯಲ್ಲಿ ಏನಾಯಿತು? ಗಂಟಲು ಬಿಗಿಯಿತಾ, ನಗು ಬಂತಾ, ಆಕಳಿಕೆ ಬಂತಾ? ಆಕಳಿಕೆಯೂ ಒಂದು ಅಭಿಪ್ರಾಯವೇ. ವಿಮರ್ಶೆ ಓದುವುದು ತಪ್ಪಲ್ಲ, ನಾನೂ ಆಸೆಯಿಂದ ಓದುತ್ತೇನೆ. ಆದರೆ ಮೊದಲು ಯಾರ ಮಾತು ಕಿವಿಗೆ ಬೀಳುತ್ತದೆ ಎಂಬುದು ದೊಡ್ಡ ವಿಷಯ. 2006ರಲ್ಲಿ ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ 14,000ಕ್ಕೂ ಹೆಚ್ಚು ಜನ ಹೆಸರು ಕೇಳದ ತಂಡಗಳ 48 ಹಾಡು ಕೇಳಿದರು. ಕೆಲವು ಗುಂಪುಗಳಿಗೆ, ತಮ್ಮ ಗುಂಪಿನ ಎಷ್ಟು ಜನ ಆ ಹಾಡನ್ನು ಇಳಿಸಿಕೊಂಡಿದ್ದಾರೆ ಎಂಬ ಲೆಕ್ಕ ಕಾಣುತ್ತಿತ್ತು. ಒಂದು ಗುಂಪಿನಲ್ಲಿ ಮೊದಲ ಸ್ಥಾನಕ್ಕೆ ಬಂದ ಹಾಡೇ ಇನ್ನೊಂದು ಗುಂಪಿನಲ್ಲಿ 40ನೇ ಸ್ಥಾನಕ್ಕೆ ಹೋಯಿತು. ಹಾಡು ಅದೇ, ಕೇಳುವ ಮೊದಲು ಕಂಡ ಲೆಕ್ಕ ಮಾತ್ರ ಬೇರೆ.

ಎರಡನೆಯದು ಮಾತಾಡುವ ರೀತಿ. ‘ಸಿನಿಮಾ ಚೆನ್ನಾಗಿದೆ’ ಎಂದ ಕೂಡಲೇ ಅದು ತೀರ್ಪಾಗುತ್ತದೆ. ತೀರ್ಪಿಗೆ ಜನ ವಾದ ಹೂಡುತ್ತಾರೆ. ‘ಆ ನೀರಿನ ಬಾಟಲಿ ಸೀನು ನನಗೆ ಹಿಡಿಸಿತು’ ಎಂದರೆ ವಾದಕ್ಕೆ ಜಾಗವೇ ಇಲ್ಲ. ನಿಮಗೆ ಹಿಡಿಸಿತು, ಮುಗಿಯಿತು. ಯಾರಾದರೂ ನಕ್ಕರೆ ಕಾರಣ ಕೊಡುತ್ತಾ ಹೋಗಬೇಡಿ. “ಹೌದು, ನನಗೆ ಇಷ್ಟವಾಯ್ತು” ಎಂದು ಊಟ ಮುಂದುವರಿಸಿ. ಏನೂ ಅನ್ನಿಸದಿದ್ದರೆ “ಇನ್ನೂ ಗೊತ್ತಾಗ್ತಿಲ್ಲ” ಎಂದರೂ ಸಾಕು, ಅದೂ ಪೂರ್ತಿ ಉತ್ತರವೇ.

ಎರಡು ವಾರ ಬಿಟ್ಟು ಬಂದಾಗ ಮುಖ ಬಾಡಿತ್ತು. ಊಟದ ಗುಂಪಿನಲ್ಲಿ ಒಂದು ಸಿನಿಮಾ ಇಷ್ಟವಾಯಿತು ಎಂದಿದ್ದರು. ಒಬ್ಬರು, “ಸೀರಿಯಸ್ಸಾಗಿ ಹೇಳ್ತಿದ್ದೀರಾ?” ಎಂದರು. ಇವರು ತಕ್ಷಣ, “ಇಲ್ಲ ಇಲ್ಲ, ಒಂದೆರಡು ಸೀನು ಅಷ್ಟೇ” ಎಂದು ಮಾತು ತಿರುಗಿಸಿದರು. ಇಲ್ಲಿ ತಪ್ಪು ನನ್ನದು. ಹದಿನಾಲ್ಕು ವರ್ಷದ ಅಳುಕನ್ನು ಹೊತ್ತವರನ್ನು ನೇರ ಐದು ಜನರ ಮುಂದೆ ನಿಲ್ಲಿಸಬಾರದಿತ್ತು. ಮೊದಲು ಒಬ್ಬರ ಹತ್ತಿರ ಶುರು ಮಾಡಬೇಕಿತ್ತು. ಯಾರ ಹತ್ತಿರ ಎಂದು ಕೇಳಿದೆ. ಆ ಹೊಸ ಹುಡುಗಿಯ ಹತ್ತಿರ ಎಂದರು.

ಅದಕ್ಕಾಗಿ ಇನ್ನೊಂದು ವಿಷಯ ಅಭ್ಯಾಸ ಮಾಡಿದೆವು, ಕೇಳುವುದು. ಮನೋವಿಜ್ಞಾನಿ ಶೆಲ್ಲಿ ಗೇಬಲ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿಕೊಟ್ಟ ಹಾಗೆ, ಒಬ್ಬರು ಸಂತೋಷದ ಸುದ್ದಿ ಹೇಳಿದಾಗ ನಾವು ಹೇಗೆ ಸ್ಪಂದಿಸುತ್ತೇವೆ ಎಂಬುದರ ಮೇಲೆ ಸಂಬಂಧದ ಹತ್ತಿರ ದೂರ ತುಂಬಾ ನಿಂತಿದೆ. ‘ಇಷ್ಟವಾಯ್ತು’ ಎನ್ನುವುದೂ ಒಂದು ಸಂತೋಷದ ಸುದ್ದಿಯೇ ಅಲ್ವಾ? “ಓ ಹೌದಾ” ಎಂದು ಬಿಡುವುದಕ್ಕೂ “ಯಾವ ಸೀನು?” ಎಂದು ಕೇಳುವುದಕ್ಕೂ ತುಂಬಾ ವ್ಯತ್ಯಾಸ ಇದೆ. ನಿಮಗೆ ಹಿಡಿಸದೇ ಇದ್ದರೂ ಸರಿ, ಮೊದಲು ಇದನ್ನು ಕೇಳಿ, ಆಮೇಲೆ ನಿಮ್ಮದನ್ನು ಹೇಳಿ ಎಂದೆ. ನಾನು ನೋಡಿದ ಮಟ್ಟಿಗೆ, ಮನೆಗಳಲ್ಲಿ ಅರ್ಧದಷ್ಟು ಸಿನಿಮಾ ಜಗಳ ಈ ಒಂದು ಪ್ರಶ್ನೆ ಕೇಳದ್ದರಿಂದಲೇ ಹುಟ್ಟುತ್ತವೆ.

ಮುಂದಿನ ಸಲ ಬಂದಾಗ ಕೂರುವ ಮೊದಲೇ ಹೇಳತೊಡಗಿದರು. ಆ ಹುಡುಗಿ ಒಬ್ಬಳೇ ಇದ್ದಾಗ ಹೋಗಿ, “ಅವತ್ತು ನಾನು ಸುಳ್ಳು ಹೇಳಿದೆ ಕಣೇ. ರಾತ್ರಿ ಎರಡು ಗಂಟೆವರೆಗೆ ನೋಡಿದ್ದೆ” ಎಂದರಂತೆ. ಅವಳು ಕಣ್ಣರಳಿಸಿ, “ಅಕ್ಕಾ, ಆರನೇ ಎಪಿಸೋಡ್‌ಗೆ ಅತ್ತಿರಾ?” ಎಂದಳಂತೆ. ಬಿಡುವು ಮುಗಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಕೊನೆಯ ಭೇಟಿಗೆ ಬರುವ ಹೊತ್ತಿಗೆ ಅದರ ಎರಡನೇ ಸೀಸನ್ ಬಂದಿತ್ತು. ಹುಡುಗಿಗೆ ಹಿಡಿಸಲೇ ಇಲ್ಲವಂತೆ. ಇವರಿಗೆ ಮೊದಲನೆಯದಕ್ಕಿಂತ ಜಾಸ್ತಿ ಹಿಡಿಸಿತಂತೆ. ಊಟದ ಮೇಜಿನಲ್ಲಿ ಎಲ್ಲರ ಎದುರಿಗೇ ಅವಳು, “ನಿಮಗೆ ಇದೂ ಇಷ್ಟವಾಯ್ತಾ ಅಕ್ಕಾ?” ಎಂದಳು.

“ಹೂಂ, ತುಂಬಾ. ನಿನಗೆ ಎಲ್ಲಿ ಬೋರಾಯ್ತು ಹೇಳು” ಎಂದರಂತೆ ಇವರು.