ತಲೆಗೆ ಪೆಟ್ಟು ಬಿದ್ದ ಮೇಲೆ ಮಾತನಾಡುತ್ತ ನಡೆದರೆ ವಾಲಿದಂತಾಗುವುದೇಕೆ?

ಮೂರು ವಾರಗಳ ಹಿಂದೆ ಬಿದ್ದು ಕನ್‌ಕಶನ್ (ತಲೆಗೆ ಬಿದ್ದ ಪೆಟ್ಟಿನಿಂದ ಮಿದುಳಿನ ಕೆಲಸ ತಾತ್ಕಾಲಿಕವಾಗಿ ಏರುಪೇರಾಗುವುದು) ಆಗಿತ್ತೆಂದೂ, ಸಿಟಿ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲವೆಂದೂ, ಸುಮ್ಮನೆ ನಡೆಯುವಾಗ ತೊಂದರೆಯಿಲ್ಲದಿದ್ದರೂ ಫೋನಿನಲ್ಲಿ ಮಾತನಾಡುತ್ತ ನಡೆದರೆ ಪಕ್ಕಕ್ಕೆ ವಾಲಿದಂತಾಗುತ್ತದೆಂದೂ ಬರೆದಿದ್ದೀರಿ. ಇದು ಭ್ರಮೆಯೇ ಎಂದು ಕೇಳಿದ್ದೀರಿ. ಭ್ರಮೆಯಲ್ಲ. ಫಿಸಿಯೊಥೆರಪಿಸ್ಟ್ ಆಗಿರುವ ನನಗೆ ಇದು ಪರಿಚಿತ ದೂರು.

ಸಿಟಿ ಸ್ಕ್ಯಾನ್ ಮುಖ್ಯವಾಗಿ ತೋರಿಸುವುದು ರಕ್ತಸ್ರಾವವನ್ನು ಮತ್ತು ಮೂಳೆಯ ಬಿರುಕನ್ನು. ಪೆಟ್ಟಿನ ರಭಸಕ್ಕೆ ನರತಂತುಗಳು ಜಗ್ಗುವುದಾಗಲಿ, ನರಕೋಶಗಳ ಒಳಹೊರಗಿನ ಪೊಟ್ಯಾಸಿಯಂ, ಕ್ಯಾಲ್ಸಿಯಂಗಳ ಹದ ತಪ್ಪುವುದಾಗಲಿ ಅದರಲ್ಲಿ ಕಾಣುವುದಿಲ್ಲ.

ನಡಿಗೆ ತನ್ನಷ್ಟಕ್ಕೆ ಸಾಗುವ ಕೆಲಸವೆಂದು ನಮಗೆ ಅನ್ನಿಸುತ್ತದೆ. ವಾಸ್ತವದಲ್ಲಿ ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳಿಂದ ಬರುವ ಸಂದೇಶಗಳನ್ನು ಮಿದುಳು ಸದಾ ತಾಳೆ ನೋಡುತ್ತಿರುತ್ತದೆ, ಅದಕ್ಕೆ ಗಮನದ ಒಂದು ಪಾಲು ಖರ್ಚಾಗುತ್ತಲೇ ಇರುತ್ತದೆ. ಕನ್‌ಕಶನ್ ಆದ ಮೇಲೆ ಗಮನವನ್ನು ಹಂಚುವ ಶಕ್ತಿಯೇ ಕುಗ್ಗಿರುವುದರಿಂದ, ಬರಿದೇ ನಡೆಯುವಾಗ ಹೇಗೋ ನಿಭಾಯಿಸುವ ಮಿದುಳಿಗೆ, ಮಾತು ಸೇರಿದೊಡನೆ ಎರಡನ್ನೂ ತೂಗಿಸುವುದು ಕಷ್ಟವಾಗುತ್ತದೆ.

ಇದನ್ನು ಪರೀಕ್ಷಿಸಲು ನಾನು ನೂರರಿಂದ ಏಳೇಳನ್ನು ಕಳೆಯುತ್ತ ನಡೆಯಲು ಹೇಳುತ್ತೇನೆ. 93, 86 ಎನ್ನುವವರೆಗೆ ಸಲೀಸು; 79ರ ಹೊತ್ತಿಗೆ ಹೆಜ್ಜೆ ಚಿಕ್ಕದಾಗುತ್ತದೆ, ದೇಹ ಎಡಬಲಕ್ಕೆ ಹೊಯ್ದಾಡುತ್ತದೆ, ಕೆಲವರಂತೂ ನಿಂತೇಬಿಟ್ಟು, ಉತ್ತರ ಹೇಳಿದ ಮೇಲೆಯೇ ಮುಂದಿನ ಕಾಲು ಎತ್ತುತ್ತಾರೆ. (ಆರೋಗ್ಯವಂತರೂ ಈ ಲೆಕ್ಕದಲ್ಲಿ ತುಸು ನಿಧಾನವಾಗುತ್ತಾರೆ, ನನಗೂ ಅದು ಪ್ರಿಯವಾದ ಲೆಕ್ಕವಲ್ಲ.) ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು ಇಂತಹ ಜೋಡಿ ಕೆಲಸದ ನಡಿಗೆಯನ್ನು ಅಳೆದಾಗ, ಪೆಟ್ಟು ಬಿದ್ದು 28 ದಿನಗಳಾದ ಮೇಲೂ ವ್ಯತ್ಯಾಸ ಉಳಿದಿತ್ತು; ಹದಿಹರೆಯದವರಲ್ಲಿ ಅದು ಎರಡು ತಿಂಗಳವರೆಗೂ ಕಂಡಿತು. ನಿಂತಲ್ಲೇ ಮಾಡುವ ಸಮತೋಲನ ಪರೀಕ್ಷೆಯಾದರೋ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ, ಆದ್ದರಿಂದ ಅದೊಂದನ್ನೇ ನಂಬಿ ಗುಣವಾಯಿತೆನ್ನುವುದು ನನಗೆ ಒಪ್ಪಿಗೆಯಿಲ್ಲ. 2023ರಲ್ಲಿ ಪ್ರಕಟವಾದ ಸ್ಕ್ಯಾಟ್-6 ಎಂಬ ಕ್ರೀಡಾ ತಪಾಸಣಾ ನಮೂನೆಯಲ್ಲಿ, 3 ಮೀಟರ್ ಗೆರೆಯ ಮೇಲೆ ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದರ ಕಾಲ್ಬೆರಳಿಗೆ ತಾಗಿಸಿ ನಡೆಯುತ್ತಲೇ ಲೆಕ್ಕ ಹೇಳುವ ಪರೀಕ್ಷೆಯೂ ಸೇರಿದೆ.

ಸದ್ಯಕ್ಕೆ ರಸ್ತೆ ದಾಟುವಾಗ, ಮೆಟ್ಟಿಲಿಳಿಯುವಾಗ ಫೋನ್ ಬೇಡ. ಹಾಗೆಂದು ಹಾಸಿಗೆ ಹಿಡಿಯಬೇಕಾಗಿಲ್ಲ. ಮೊದಲ ಒಂದೆರಡು ದಿನಗಳ ವಿಶ್ರಾಂತಿ ಕಳೆದ ಮೇಲೆ, ಲಕ್ಷಣಗಳು ಹೆಚ್ಚದಷ್ಟು ನಡಿಗೆ ಒಳ್ಳೆಯದೇ. ಮೂರು ವಾರಗಳಾಗಿರುವುದರಿಂದ ವೈದ್ಯರಿಗೆ ಮತ್ತೊಮ್ಮೆ ತೋರಿಸಿ, ಒಳಕಿವಿ ಮತ್ತು ಕಣ್ಣಿನ ಚಲನೆಯ ತಪಾಸಣೆಯನ್ನೂ ಕೇಳಿ. ತಲೆನೋವು ಏರುತ್ತ ಹೋದರೆ, ಪದೇಪದೇ ವಾಂತಿಯಾದರೆ, ಮಂಪರು ಕವಿದರೆ ಅಥವಾ ಕೈಕಾಲು ಬಲಗುಂದಿದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಿ. ಆಟವಾಡುವವರಾದರೆ ಇನ್ನೊಂದು ಮಾತು: ಕನ್‌ಕಶನ್ ನಂತರ ಕಣಕ್ಕೆ ಮರಳಿದವರಲ್ಲಿ ಮೊಣಕಾಲು, ಕಣಕಾಲಿನಂತಹ ಗಾಯಗಳು ಹೆಚ್ಚೆಂದು ಹಲವು ಅಧ್ಯಯನಗಳು ತೋರಿಸಿವೆ, ಹಾಗಾಗಿ ಮರಳುವ ಮುನ್ನ ಲೆಕ್ಕ ಮಾಡುತ್ತ ನಡೆಯುವ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ.