ಕೋಲ್ಡ್ ಏರ್ ಇನ್‌ಟೇಕ್: ಮೊದಲು ಅಳತೆ, ಆಮೇಲೆ ಪೈಪ್

ಈ ಸಲವೂ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇನ್‌ಟೇಕ್, ಅಂದರೆ ಎಂಜಿನ್‌ಗೆ ಹೊರಗಿನ ಗಾಳಿ ಒಯ್ಯುವ ಪೈಪಿನ ಬಗ್ಗೆಯೇ. ಎಲ್ಲರೂ ಪೈಪಿನ ಸೈಜ್ ಕೇಳುತ್ತಾರೆ. ಅಳೆದು ನೋಡಿದೆ ಅಂತ ಒಬ್ಬರೂ ಬರೆಯುವುದಿಲ್ಲ. ಅದಕ್ಕೇ ಒಂದು ಪತ್ರಕ್ಕೆ ಉದ್ದವಾಗಿ ಉತ್ತರಿಸುತ್ತೇನೆ, ಉಳಿದವರು ಬೇಸರ ಮಾಡಿಕೊಳ್ಳಬೇಡಿ. ಆ ಪತ್ರ ಹೀಗಿದೆ:

ನನ್ನದು 2013ರ ಟೊಯೋಟಾ 86. 76 ಮಿ.ಮೀ. ಅಲ್ಯೂಮಿನಿಯಂ ಪೈಪ್ ಹಾಕಿ, ಬಂಪರ್ ಒಳಗೆ ಕೆಳಗಡೆ ಕೋನ್ ಫಿಲ್ಟರ್ ಕೂರಿಸಿ ನಾನೇ ಇನ್‌ಟೇಕ್ ಮಾಡಬೇಕು ಅಂತಿದ್ದೇನೆ. 15 ಎಚ್‌ಪಿ ಜಾಸ್ತಿ ಸಿಗುತ್ತೆ ಅಂತಾರೆ. ಡಿಸೈನ್ ಹೇಗಿರಬೇಕು? (ಶಾರ್ಜಾದಿಂದ)

15 ಸಿಗುವುದಿಲ್ಲ ಸ್ವಾಮಿ. ಯಾಕೆ ಅಂತ ನೀವೇ ಅಳೆದು ನೋಡಬಹುದು. ನಮ್ಮ ಕಡೆ ಗಾರೆ ಕೆಲಸದವರು ನೀರು ತುಂಬಿ ಮಟ್ಟ ನೋಡುತ್ತಾರಲ್ಲ, ಅಂಥ ಟ್ಯೂಬ್ ತನ್ನಿ. ಒಂದು ಹಲಗೆಗೆ ಯು ಆಕಾರದಲ್ಲಿ ಕಟ್ಟಿ, ಅರ್ಧದವರೆಗೆ ನೀರು ತುಂಬಿ, ಕಾಣಲು ಎರಡು ಹನಿ ಇಂಕ್ ಹಾಕಿ. ಒಂದು ತುದಿಯನ್ನು ಫಿಲ್ಟರ್ ಆದಮೇಲೆ, ಥ್ರಾಟಲ್‌ಗೆ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಮುಂಚೆ ಪೈಪಿಗೆ ಸೇರಿಸಿ. ಇನ್ನೊಂದು ತುದಿ ತೆರೆದಿರಲಿ. ಎರಡೂ ಕಡೆ 60 ಸೆಂ.ಮೀ. ಎತ್ತರ ಇರಲೇಬೇಕು, ಎಳೆತ ಜಾಸ್ತಿಯಾದರೆ ಆ ನೀರು ಎಂಜಿನ್ ಕಡೆ ಹೋಗಬಾರದು. ಡೈನೋ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೋ ಟ್ರ್ಯಾಕ್‌ನಲ್ಲೋ ಪೂರ್ತಿ ಥ್ರಾಟಲ್ ಕೊಟ್ಟು 7000 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ 7000 ಸುತ್ತು) ಹೋಗಿ, ಪಕ್ಕದಲ್ಲಿ ಕೂತವರು ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ ಓದಲಿ. ರಸ್ತೆಯಲ್ಲಿ ಈ ಕೆಲಸ ಬೇಡವೇ ಬೇಡ.

10 ಸೆಂ.ಮೀ. ವ್ಯತ್ಯಾಸ ಅಂದರೆ ಗಾಳಿ ಒಳಬರುವಷ್ಟರಲ್ಲಿ ವಾತಾವರಣದ ಒತ್ತಡದಲ್ಲಿ ಸುಮಾರು 1% ಕಳೆದಿದೆ, ಎಂಜಿನ್ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ನಿಮ್ಮ ಕಾರಿನಲ್ಲಿ ವ್ಯತ್ಯಾಸ 15 ಸೆಂ.ಮೀ. ಬಂತು ಅಂದುಕೊಳ್ಳಿ. 200 ಪಿಎಸ್ (ಹೆಚ್ಚುಕಡಿಮೆ ಎಚ್‌ಪಿಯೇ) ಎಂಜಿನ್‌ನಲ್ಲಿ ಕಳೆದುಹೋಗುತ್ತಿರುವುದೇ ಸುಮಾರು 3 ಪಿಎಸ್. ಪ್ರಪಂಚದ ಯಾವ ಪೈಪ್ ಹಾಕಿದರೂ ಅದಕ್ಕಿಂತ ಜಾಸ್ತಿ ಎಲ್ಲಿಂದ ಬರಬೇಕು? ಆಮೇಲೆ ಫಿಲ್ಟರ್ ತೆಗೆದು ಒಮ್ಮೆ, ಗಾಳಿ ಒಳಬರುವ ಮುಂದಿನ ಮೂತಿ ತೆಗೆದು ಇನ್ನೊಮ್ಮೆ ಅಳೆಯಿರಿ, ಎಲ್ಲಿ ಕಟ್ಟಿಕೊಂಡಿದೆ ಗೊತ್ತಾಗುತ್ತೆ. ಎಷ್ಟೋ ಸಲ ಅದು ಬರೀ ಕೊಳೆ ಹಿಡಿದ ಫಿಲ್ಟರ್.

ಇನ್ನು ತಂಪಿನ ಮಾತು. ಗಾಳಿ 3 ಡಿಗ್ರಿ ತಣ್ಣಗಾದರೆ ಸಾಂದ್ರತೆ ಸುಮಾರು 1% ಏರುತ್ತೆ. ಹೊರಗೆ 45 ಡಿಗ್ರಿ ಇದ್ದು, ಕಾರು ಓಡುವಾಗ ಒಬಿಡಿಯಲ್ಲಿ (ಕಾರಿನ ಕಂಪ್ಯೂಟರ್ ಮಾಹಿತಿ ತೋರಿಸುವ ಸ್ಕ್ಯಾನರ್) ಇನ್‌ಟೇಕ್ ತಾಪಮಾನ 50 ತೋರಿಸಿದರೆ ಗೆಲ್ಲಲು ಉಳಿದಿರುವುದು 5 ಡಿಗ್ರಿ ಅಷ್ಟೇ. 86ರಲ್ಲಿ ಕಂಪನಿಯವರೇ ಮೂತಿಯನ್ನು ಮುಂಭಾಗದಲ್ಲಿ, ರೇಡಿಯೇಟರ್ ಮೇಲುಗಡೆ ಇಟ್ಟಿದ್ದಾರೆ, ಅದು ಒಳ್ಳೆಯ ಜಾಗ. ಪೈಪಿಗೆ ಬಿಸಿ ತಡೆಯುವ ಹೀಟ್ ಟೇಪ್ ಸುತ್ತುವ ಕೆಲಸ ಬಿಟ್ಟುಬಿಡಿ. 7000 ಆರ್‌ಪಿಎಂನಲ್ಲಿ ಈ ಎಂಜಿನ್ ಸೆಕೆಂಡಿಗೆ 115 ಲೀಟರ್ ಗಾಳಿ ಎಳೆಯುತ್ತೆ, ಅಂದರೆ 20 ಲೀಟರಿನ ನೀರಿನ ಕ್ಯಾನು ಹೆಚ್ಚುಕಡಿಮೆ ಆರು. 76 ಮಿ.ಮೀ. ಪೈಪಿನಲ್ಲಿ ಆ ಗಾಳಿ ಸೆಕೆಂಡಿಗೆ 25 ಮೀಟರ್ ಓಡುತ್ತೆ. 60 ಸೆಂ.ಮೀ. ಪೈಪ್ ದಾಟಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ, ಅಷ್ಟರಲ್ಲಿ ಅದು ಎಲ್ಲಿ ಬಿಸಿಯಾಗುತ್ತೆ? ಮೂತಿ ಎಲ್ಲಿದೆ ಅನ್ನುವುದೇ ಮುಖ್ಯ.

ನನಗೆ ನಿಜವಾಗಿ ಭಯ ಇರುವುದು ನಿಮ್ಮ 76 ಮಿ.ಮೀ. ಬಗ್ಗೆ. ಒಳಬರುವ ಗಾಳಿಯ ಪ್ರಮಾಣ ಅಳೆಯುವ ಮಾಫ್ ಸೆನ್ಸರ್‌ನ ಬಿಸಿ ತಂತಿಗೆ ಗೊತ್ತಾಗುವುದು ತನ್ನ ಮುಂದೆ ಹಾದುಹೋದ ಗಾಳಿ ಮಾತ್ರ. ಪೈಪ್ ಇಷ್ಟೇ ದಪ್ಪ ಅಂತ ನಂಬಿಕೊಂಡು ಇಸಿಯು (ಎಂಜಿನ್‌ನ ಕಂಪ್ಯೂಟರ್) ಉಳಿದ ಲೆಕ್ಕ ಹಾಕುತ್ತೆ. 70 ಇದ್ದ ಕಡೆ 76 ಹಾಕಿದರೆ ಒಳಗಿನ ಜಾಗ 18% ದೊಡ್ಡದಾಗುತ್ತೆ, ಸೆನ್ಸರ್ ಸುಮಾರು 15% ಕಡಿಮೆ ಗಾಳಿ ಅಂತ ವರದಿ ಮಾಡುತ್ತೆ, ಪೆಟ್ರೋಲೂ ಅಷ್ಟೇ ಕಡಿಮೆಯಾಗುತ್ತೆ. ಮೆಲ್ಲಗೆ ಓಡಿಸುವಾಗ ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ ಸೆನ್ಸರ್ ನೋಡಿ ಇಸಿಯು ಸರಿ ಮಾಡಿಕೊಳ್ಳಬಹುದು, ನಿಮಗೆ ಏನೂ ಗೊತ್ತಾಗುವುದಿಲ್ಲ, ಆದರೆ ಪೂರ್ತಿ ಥ್ರಾಟಲ್‌ನಲ್ಲಿ ಆ ತಿದ್ದುಪಡಿಯನ್ನು ನಂಬಿ ಕೂರುವ ಹಾಗಿಲ್ಲ, ಮತ್ತು 12.5:1 ಕಂಪ್ರೆಷನ್ ಇರುವ, ಅಂದರೆ ಗಾಳಿಯನ್ನು ಅಷ್ಟು ಜೋರಾಗಿ ಒತ್ತುವ ಎಂಜಿನ್ ಆ ಬಿಸಿಲಿನಲ್ಲಿ ಲೀನ್ ಆಗಿ (ಪೆಟ್ರೋಲ್ ಕಡಿಮೆ ಬಿದ್ದು) ನಾಕ್ ಆದರೆ (ಪೆಟ್ರೋಲ್ ತಾನಾಗೇ ಸಿಡಿದರೆ) ಪಿಸ್ಟನ್ ಉಳಿಯುವುದು ಕಷ್ಟ.

ಅದಕ್ಕೆ ಹೀಗೆ ಮಾಡಿ. ಗುಜರಿಯಿಂದ ಇದೇ ಕಾರಿನ ಫಿಲ್ಟರ್ ಡಬ್ಬಿ ತಂದು, ಸೆನ್ಸರ್ ಕೂರುವ ತುಂಡನ್ನು ಹಾಗೇ ಕತ್ತರಿಸಿ ಬಳಸಿ. ವರ್ನಿಯರ್ ಹಿಡಿದು ಒಳಗಿನ ವ್ಯಾಸ ನೋಡಿ, ಹೊರಗಿನದಲ್ಲ. ಸೆನ್ಸರ್‌ಗೆ ಮುಂಚೆ ಎಷ್ಟು ಸಾಧ್ಯವೋ ಅಷ್ಟು ನೇರ ಪೈಪ್ ಬಿಡಿ. ಬೆಂಡ್ ಆದ ಕೂಡಲೇ ಸೆನ್ಸರ್ ಇಟ್ಟರೆ ಐಡ್ಲಿಂಗ್ ಏರಿಳಿಯುತ್ತೆ. ಫಿಲ್ಟರನ್ನು ಮುಚ್ಚಿದ ಡಬ್ಬಿಯಲ್ಲೇ ಇಟ್ಟು, ಬಾನೆಟ್‌ಗೆ ತಾಗುವ ಅಂಚಿಗೆ ರಬ್ಬರ್ ಬೀಡಿಂಗ್ ಹಾಕಿ. ಫ್ಯೂಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ತಿದ್ದುತ್ತಿದೆ ಅನ್ನುವ ಲೆಕ್ಕ) ಮೊದಲಿಗಿಂತ 5% ಸರಿದಿದ್ದರೂ ನಾನಂತೂ ಕಾರು ಓಡಿಸುವುದಿಲ್ಲ, ವೈಡ್‌ಬ್ಯಾಂಡ್ (ಗಾಳಿ-ಪೆಟ್ರೋಲ್ ಪ್ರಮಾಣ ತೋರಿಸುವ ಮೀಟರ್) ಹಾಕಿ ನೋಡುತ್ತೇನೆ.

ಬಂಪರ್ ಒಳಗಿನ ಫಿಲ್ಟರ್ ಬೇಡ. 2024ರ ಏಪ್ರಿಲ್ 16ರ ಮಳೆ ನಿಮ್ಮ ಊರಿನಲ್ಲೇ ಆಯ್ತಲ್ವಾ? ನೀರು ನಿಂತ ರಸ್ತೆಯಲ್ಲಿ ಅಷ್ಟು ಕೆಳಗಿರುವ ಫಿಲ್ಟರ್ ನೀರನ್ನೇ ಎಳೆದುಕೊಳ್ಳುತ್ತೆ. ಈ ಎಂಜಿನ್‌ನಲ್ಲಿ ಪಿಸ್ಟನ್ ಪೂರ್ತಿ ತುದಿಗೆ ಬಂದಾಗ ಸಿಲಿಂಡರ್‌ನಲ್ಲಿ ಉಳಿಯುವ ಜಾಗ ಸುಮಾರು 43 ಮಿ.ಲೀ. ಬೈಟು ಕಾಫಿಯ ಲೋಟದಷ್ಟು ನೀರೂ ಬೇಕಿಲ್ಲ. ನೀರು ಕುಗ್ಗುವುದಿಲ್ಲ, ಪಿಸ್ಟನ್‌ಗೆ ಜೋಡಿಸಿದ ರಾಡ್ ಬಗ್ಗುತ್ತೆ. ಹಾಗೆ ಬಾಳೆಕಾಯಿಯಂತೆ ಬಗ್ಗಿದ ಒಂದು ರಾಡ್ ನನ್ನ ಮೇಜಿನ ಮೇಲಿದೆ, ಇನ್‌ಟೇಕ್ ಮಾಡಿಸಲು ಬಂದವರ ಕೈಗೆ ಮೊದಲು ಅದನ್ನೇ ಕೊಡುತ್ತೇನೆ. ಇನ್ನು ಉಳಿದ ಪತ್ರಗಳಿಗೆ ಚುಟುಕಾಗಿ.

ಮಂಗಳೂರಿನಲ್ಲಿ ಚೆನ್ನಾಗಿ ಎಳೆಯುತ್ತಿದ್ದ ಕಾರು ಬೆಂಗಳೂರಿನಲ್ಲಿ ಮಂದ. ಇನ್‌ಟೇಕ್ ಹಾಕಿಸಲಾ?

ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡವೇ ಸುಮಾರು 10% ಕಡಿಮೆ. ಟರ್ಬೋ (ಗಾಳಿಯನ್ನು ಒತ್ತಿ ತುಂಬುವ ಪಂಪ್) ಇಲ್ಲದ ಕಾರಿಗೆ ಇದನ್ನು ಯಾವ ಪೈಪೂ ಸರಿ ಮಾಡುವುದಿಲ್ಲ.

ಆನ್‌ಲೈನ್‌ನಲ್ಲಿ ಸಿಗುವ ಎಲೆಕ್ಟ್ರಿಕ್ ಟರ್ಬೋ ಫ್ಯಾನ್ ಹೇಗೆ?

ಎಸೆಯಿರಿ. ಗಾಳಿಗೆ ಅಡ್ಡ ನಿಲ್ಲುವುದು ಬಿಟ್ಟರೆ ಅದರಿಂದ ಬೇರೆ ಕೆಲಸ ಆಗುವುದಿಲ್ಲ.

ಎಣ್ಣೆ ಹಚ್ಚುವ ಕಾಟನ್ ಫಿಲ್ಟರ್ ಹಾಕಿದಮೇಲೆ ಕಾರು ಜಗ್ಗುತ್ತಿದೆ.

ಎಣ್ಣೆ ಜಾಸ್ತಿ ಹಚ್ಚಿದ್ದೀರಿ, ಸೆನ್ಸರ್ ತಂತಿಗೆ ಅಂಟಿರಬೇಕು. ಮಾಫ್ ಕ್ಲೀನರ್ ಸ್ಪ್ರೇ ಮಾತ್ರ ಬಳಸಿ, ಬಟ್ಟೆ ಮುಟ್ಟಿಸಬೇಡಿ.

ಒಂದು ಗ್ಯಾರೇಜಿನವರು ಇನ್‌ಟೇಕ್ ಜೊತೆ 'ಪವರ್ ಚಿಪ್' ಅಂತ ಚಿಕ್ಕ ಡಬ್ಬಿ ಹಾಕಿದ್ದಾರೆ. ಇರಲಿ ಬಿಡಿ ಅಂತೀರಾ?

ಇಂಥ ಡಬ್ಬಿಗಳಲ್ಲಿ ಹೆಚ್ಚಾಗಿ ಎರಡು ರೂಪಾಯಿಯ ರೆಸಿಸ್ಟರ್ ಬಿಟ್ಟು ಬೇರೇನೂ ಇರುವುದಿಲ್ಲ. ಗಾಳಿ ತಣ್ಣಗಿದೆ ಅಂತ ಇಸಿಯುಗೆ ಸುಳ್ಳು ಹೇಳಿ, ಬಿಸಿ ಗಾಳಿಯಲ್ಲೂ ಸ್ಪಾರ್ಕ್ ಪ್ಲಗ್‌ನ ಕಿಡಿಯನ್ನು ಬೇಗ ಹಾರಿಸುತ್ತೆ. ಇಂಥದ್ದನ್ನು ಕಾಸು ತಗೊಂಡು ಹಾಕುವುದು ಶುದ್ಧ ಮೋಸ. ಇವತ್ತೇ ಕಿತ್ತುಹಾಕಿಸಿ, ಸೆನ್ಸರ್ ವೈರ್ ಕತ್ತರಿಸಿದ್ದರೆ ಸುಮ್ನೆ ಟೇಪ್ ಸುತ್ತದೆ ಬೆಸುಗೆ ಹಾಕಿಸಿ.