ಮೆದುಳಿನ ಟಿಬಿಗೆ ನಿರೋಧಕ ಶಕ್ತಿ ತಗ್ಗಿಸುವ ಸ್ಟೀರಾಯ್ಡ್ ಯಾಕೆ ಕೊಡುತ್ತಾರೆ?

ನಿಮ್ಮ ತಂಗಿಗೆ ಟಿಬಿ ಮೆನಿಂಜೈಟಿಸ್ (ಮೆದುಳಿನ ಪೊರೆಗೆ ತಗಲುವ ಟಿಬಿ), ಚೀಟಿಯಲ್ಲಿ ‘ಗ್ರೇಡ್ 2’ ಅಂತಿದೆ, ಎಚ್‌ಐವಿ ಇಲ್ಲ. ಟಿಬಿ ಮಾತ್ರೆಗಳ ಜೊತೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ನಡೆಯುತ್ತಿದೆ. ಸೋಂಕಿರುವಾಗಲೇ ನಿರೋಧಕ ಶಕ್ತಿ ಕುಗ್ಗಿಸಿದರೆ ಹೇಗೆ ಅನ್ನುವುದು ನಿಮ್ಮ ಆತಂಕ. ಕೇಳಲೇಬೇಕಾದ ಪ್ರಶ್ನೆ.

ಈ ಕಾಯಿಲೆಯಲ್ಲಿ ಮೆದುಳಿಗೆ ಆಗುವ ಹಾನಿಯಲ್ಲಿ ದೊಡ್ಡ ಪಾಲು ಬ್ಯಾಕ್ಟೀರಿಯಾದ ವಿರುದ್ಧ ದೇಹವೇ ಹೂಡುವ ಹೋರಾಟದ್ದು. ರಕ್ತದ ಮೂಲಕ ಮೆದುಳಿಗೆ ಬಂದ ಟಿಬಿ ಮೊದಲು ಒಂದು ಪುಟ್ಟ ಗಂಟಾಗಿ ಕೂರುತ್ತದೆ. ಅದು ಒಡೆದಾಗ ಬ್ಯಾಕ್ಟೀರಿಯಾ ಮೆದುಳಿನ ಸುತ್ತಲಿನ ನೀರಿಗೆ ಸೇರುತ್ತದೆ. ಇದನ್ನು ರಿಚ್ ಮತ್ತು ಮೆಕಾರ್ಡಕ್ ಎಂಬ ಸಂಶೋಧಕರು 1933ರಲ್ಲೇ ತೋರಿಸಿದ್ದರು. ಆಗ ರಕ್ಷಣಾ ಕೋಶಗಳು ಉರಿಯೂತ ಹೆಚ್ಚಿಸುವ ಟಿಎನ್‌ಎಫ್‌ನಂಥ ರಾಸಾಯನಿಕಗಳನ್ನು ಸುರಿಸುತ್ತವೆ, ರಕ್ತನಾಳಗಳ ಬಿಗಿ ಸಡಿಲವಾಗಿ ಪ್ರೋಟೀನ್ ಸೋರುತ್ತದೆ, ಮೆದುಳಿನ ತಳದಲ್ಲಿ ಅಂಟಂಟಾದ ಕೀವಿನಂಥ ಪದರ ಕಟ್ಟುತ್ತದೆ. ಆ ಪದರ ನೀರು ಹರಿಯುವ ದಾರಿ ಮುಚ್ಚಿದರೆ ತಲೆಯೊಳಗೆ ನೀರು ತುಂಬಿಕೊಳ್ಳುತ್ತದೆ. ಅದರ ನಡುವೆ ಹಾದುಹೋಗುವ ರಕ್ತನಾಳಗಳು ಊದಿ ಕಟ್ಟಿಕೊಂಡರೆ ಪಾರ್ಶ್ವವಾಯು. ಕಣ್ಣು ತಿರುಗಿಸುವ ನರ ಸಿಕ್ಕಿಹಾಕಿಕೊಂಡರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಈ ಅತಿಯಾದ ಪ್ರತಿಕ್ರಿಯೆಯನ್ನು ತಗ್ಗಿಸಲೆಂದೇ ಸ್ಟೀರಾಯ್ಡ್; ಬ್ಯಾಕ್ಟೀರಿಯಾ ಕೊಲ್ಲುವುದು ಟಿಬಿ ಮಾತ್ರೆಗಳ ಕೆಲಸ.

ಮೆದುಳಿನ ಸುತ್ತಲಿನ ಇದೇ ನೀರನ್ನು ಪರೀಕ್ಷೆಗೆಂದು ಬೆನ್ನಿನಿಂದ ತೆಗೆದು ಟ್ಯೂಬಿನಲ್ಲಿ ಅಲುಗಾಡಿಸದೆ ಇಟ್ಟರೆ ಕೆಲವೊಮ್ಮೆ ಜೇಡರ ಬಲೆಯಂಥ ಎಳೆ ಕಟ್ಟುತ್ತದೆ. ಸೋರಿದ ಪ್ರೋಟೀನೇ ಅದು. ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಪ್ರೋಟೀನ್ ಡೆಸಿಲೀಟರಿಗೆ 100ರಿಂದ 500 ಮಿ.ಗ್ರಾಂ, ಸಕ್ಕರೆ ಅದೇ ಹೊತ್ತಿನ ರಕ್ತದ ಸಕ್ಕರೆಯ ಅರ್ಧಕ್ಕಿಂತ ಕಡಿಮೆ, ಬಿಳಿಕಣಗಳು ಘನ ಮಿ.ಮೀ.ಗೆ 50ರಿಂದ 500. ಕಣ ಕಡಿಮೆ ಇದ್ದರೆ ಕಾಯಿಲೆ ಹಗುರ ಅಂದುಕೊಳ್ಳಬೇಡಿ. ಎಚ್‌ಐವಿಯಿಂದ ನಿರೋಧಕ ಶಕ್ತಿ ತೀರಾ ಕುಸಿದವರಲ್ಲಿ ಕಣಗಳು ಬೆರಳೆಣಿಕೆಯಷ್ಟಿದ್ದು, ಬ್ಯಾಕ್ಟೀರಿಯಾ ಹೇರಳವಾಗಿರಬಹುದು. ಪ್ರತಿಕ್ರಿಯೆ ಅತಿಯಾದರೂ ಕಷ್ಟ, ತೀರಾ ಸಾಲದಾದರೂ ಕಷ್ಟ.

ಚೀಟಿಯಲ್ಲಿರುವ ಗ್ರೇಡ್ ಅನ್ನುವುದು ಎಚ್ಚರ ಮತ್ತು ನರದ ದೌರ್ಬಲ್ಯದ ಅಳತೆ. ಎಚ್ಚರಕ್ಕೆ ಗ್ಲಾಸ್ಗೋ ಮಾಪಕದಲ್ಲಿ ಅಂಕ ಕೊಡುತ್ತಾರೆ. 15 ಅಂಕದ ಪೂರ್ತಿ ಎಚ್ಚರವಿದ್ದು ಕೈಕಾಲು, ನರಗಳೆಲ್ಲ ಸರಿಯಿದ್ದರೆ 1. ಅಂಕ 11ರಿಂದ 14 ಇದ್ದರೆ, ಅಥವಾ 15 ಇದ್ದೂ ನರದ ದೌರ್ಬಲ್ಯವಿದ್ದರೆ 2. 10 ಅಥವಾ ಅದಕ್ಕಿಂತ ಕೆಳಗೆ 3.

ವಿಯೆಟ್ನಾಂನಲ್ಲಿ 545 ರೋಗಿಗಳ ಮೇಲೆ ನಡೆದ, 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ಪಡೆಯದವರಲ್ಲಿ ಸಾವು 41.3%, ಪಡೆದವರಲ್ಲಿ 31.8%. ಬದುಕಿದವರ ತೀವ್ರ ಅಂಗವೈಕಲ್ಯ ಮಾತ್ರ ಕಡಿಮೆಯಾಗಲಿಲ್ಲ, ಇದನ್ನೂ ಹೇಳಲೇಬೇಕು. 2023ರಲ್ಲಿ ವಿಯೆಟ್ನಾಂ, ಇಂಡೋನೇಷ್ಯಾಗಳ ಎಚ್‌ಐವಿ ಇರುವ 520 ಮಂದಿಯಲ್ಲಿ ಅದೇ ಔಷಧಿಯ ಲಾಭ ಕಾಣಲಿಲ್ಲ. ನಿಮ್ಮ ತಂಗಿಗೆ ಎಚ್‌ಐವಿ ಇಲ್ಲದ್ದರಿಂದ ಮೊದಲ ಪ್ರಯೋಗದ ಫಲವೇ ಹತ್ತಿರದ್ದು; ಸ್ಟೀರಾಯ್ಡ್ ಕೊಡುತ್ತಿರುವುದು ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

2004ರ ಆ ಪ್ರಯೋಗದಲ್ಲಿ ಗ್ರೇಡ್ 2, 3ಕ್ಕೆ ಕೊಟ್ಟ ಪ್ರಮಾಣ: ಮೊದಲ ವಾರ ದಿನಕ್ಕೆ ಕೆ.ಜಿ.ಗೆ 0.4 ಮಿ.ಗ್ರಾಂ, ಆಮೇಲೆ ವಾರವಾರ 0.3, 0.2, 0.1. ಅಂದರೆ 50 ಕೆ.ಜಿ. ತೂಕಕ್ಕೆ 20, 15, 10, 5 ಮಿ.ಗ್ರಾಂ. ನಂತರ ಮಾತ್ರೆ, ದಿನಕ್ಕೆ 4 ಮಿ.ಗ್ರಾಂನಿಂದ ಶುರುಮಾಡಿ ವಾರಕ್ಕೆ 1 ಮಿ.ಗ್ರಾಂ ಇಳಿಕೆ. ಒಟ್ಟು ಎಂಟು ವಾರ. ಇಲ್ಲೇ ಹೆಚ್ಚು ಎಡವಟ್ಟಾಗುವುದು: ಆಸ್ಪತ್ರೆಯಿಂದ ಮನೆಗೆ ಬಂದಮೇಲೆ “ಈಗ ಚೆನ್ನಾಗಿದ್ದಾಳಲ್ಲ” ಅಂತ ಮಾತ್ರೆ ಥಟ್ಟನೆ ನಿಲ್ಲಿಸುತ್ತಾರೆ. ಊತ ಮರುಕಳಿಸಬಹುದು, ದೇಹದ ಸ್ವಂತ ಸ್ಟೀರಾಯ್ಡ್ ಉತ್ಪಾದನೆಯೂ ಮಲಗಿರುವುದರಿಂದ ರಕ್ತದೊತ್ತಡ ಕುಸಿಯಬಹುದು. ವಾರವಾರದ ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಳ್ಳಿ. ಸ್ಟೀರಾಯ್ಡ್ ರಕ್ತದ ಸಕ್ಕರೆ ಏರಿಸಬಹುದು, ಅದನ್ನು ನೋಡಿಸುತ್ತಿರಿ; ಮಲ ಟಾರಿನಂತೆ ಕಪ್ಪಾದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು, ವೈದ್ಯರ ಬಳಿ ಹೋಗಲು ತಡಮಾಡಬೇಡಿ.

ಇನ್ನೊಂದು ಮಾತು. ಚಿಕಿತ್ಸೆ ಶುರುವಾಗಿ ಕೆಲವು ವಾರ, ತಿಂಗಳುಗಳ ನಂತರ ತಲೆನೋವು ಮರಳಬಹುದು, ಸ್ಕ್ಯಾನಿನಲ್ಲಿ ಗಂಟು ದೊಡ್ಡದಾಗಿ ಕಾಣಬಹುದು. ಸತ್ತ ಬ್ಯಾಕ್ಟೀರಿಯಾದ ಚೂರುಗಳ ವಿರುದ್ಧವೂ ದೇಹ ಉರಿದೇಳುತ್ತದೆ. ಔಷಧಿ ಕೆಲಸ ಮಾಡಲಿಲ್ಲ ಅಂತ ಟಿಬಿ ಮಾತ್ರೆ ಬಿಡಬೇಡಿ. ಆದರೆ ಮನೆಯಲ್ಲೇ ಕಾಯುವುದೂ ಬೇಡ: ನೀರು ತುಂಬಿದೆಯೇ, ರಕ್ತದ ಸೋಡಿಯಂ ಇಳಿದಿದೆಯೇ, ಔಷಧಿಗೆ ಬಗ್ಗದ ಟಿಬಿಯೇ ಅಂತ ನೋಡಲೇಬೇಕು. ಮಂಪರು, ಪದೇ ಪದೇ ವಾಂತಿ, ಫಿಟ್ಸ್, ಕೈಕಾಲು ಸೋಲುವುದು, ದೃಷ್ಟಿ ಮಂಜಾಗುವುದು, ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.